ಬೆನ್ನ ಹಿಂದಿನ ಕೈ

ಬಟ್ಟೆ ಬದಲಿಸುವ ಕೋಣೆಯ ಬಾಗಿಲನ್ನು ಒದ್ದುಕೊಂಡೇ ಒಳಬಂದ ಗುಡುಗು, ಜೊತೆಗಾತಿ ಕಡ್ಡಿಯ ಚೀಲವನ್ನೆತ್ತಿ ಮೂಲೆಗೆ ಎಸೆದಳು. ನೀರಿನ ಬಾಟಲಿ ಉರುಳಿ ಬೆಂಚಿನಡಿ ಸೇರಿತು.

“ಯಾರಿಗೆ ಮಾರಿದೆ?”

ಷೂ ಲೇಸು ಬಿಚ್ಚುತ್ತಿದ್ದ ಕಡ್ಡಿ ತಲೆಯೆತ್ತಿದಳು. “ಏನನ್ನ?”

“ನಮ್ಮ ಸನ್ನೆಗಳನ್ನ.”

ಗುಡುಗು ಎಂದು ಹೆಸರಿಟ್ಟವರು ಕೋಚ್. ಅರ್ಧ ಅವಳ ಸ್ಮ್ಯಾಶಿಗೆ, ಅರ್ಧ ಅವಳ ಬಾಯಿಗೆ. ಅವಳೂ ಕಡ್ಡಿಯೂ ಶಾಲೆ ಬಿಟ್ಟಂದಿನಿಂದ ಬ್ಯಾಡ್ಮಿಂಟನ್ ಡಬಲ್ಸ್ ಜೋಡಿ. ಸರ್ವ್ ಮಾಡುವವಳು ಎಡಗೈಯನ್ನು ಬೆನ್ನ ಹಿಂದೆ ತಂದು ಜೊತೆಗಾತಿಗೆ ಮೊದಲೇ ತಿಳಿಸಬೇಕು: ಬೆರಳು ಚಾಚಿದರೆ ಗಿಡ್ಡ ಸರ್ವ್, ಮುಷ್ಟಿ ಹಿಡಿದರೆ ಎತ್ತರದ್ದು. ಗಿಡ್ಡದ್ದು ಬರುತ್ತದೆಂದು ಮುಂದಕ್ಕೆ ವಾಲಿ ನಿಂತ ಎದುರಾಳಿಯ ತಲೆ ಮೇಲೆ ಹಾರಿಸಿ ಮಂಗ ಮಾಡಲಿಕ್ಕೆ ಎತ್ತರದ್ದು. ಅವಳಿಗೆ ಮೊದಲೇ ಗೊತ್ತಾದರೆ ಮಾತ್ರ ಮಂಗ ಆಗುವವರು ನಾವು. ಅವಳು ಹಿಂದಕ್ಕೆ ಜಿಗಿದು ನಮ್ಮ ಎದೆಗೇ ಬಡಿಯುತ್ತಾಳೆ.

ಈ ವರ್ಷವಿಡೀ ಬಡಿಸಿಕೊಂಡದ್ದೇ ಆಯಿತು. ಇವತ್ತು ಗೆದ್ದವಳಂತೂ ಕೈ ಕುಲುಕುವಾಗ ಹಲ್ಲು ಕಿರಿದಿದ್ದಳು: “ನಮ್ಮ ಮೇಲೆ ಯಾಕೆ ಸಿಟ್ಟು? ನಿಮ್ಮೋರೇ ಹೇಳ್ಕೊಟ್ರೆ ನಾವೇನ್ ಮಾಡೋಣ?”

ನಿಮ್ಮೋರು ಎಂದರೆ ಇನ್ಯಾರು? ಕೋರ್ಟಿನಲ್ಲಿ ಗುಡುಗಿನ ಕಡೆ ಇದ್ದವಳು ಒಬ್ಬಳೇ.

“ಸೋತಿದ್ದು ನಾನೂ ಅಲ್ವೇನೆ?” ಕಡ್ಡಿ ಬಗ್ಗಿ ಬಾಟಲಿ ಎತ್ತಿಕೊಂಡಳು. “ತಲೆ ಕೆಟ್ಟಿದೆ ನಿಂಗೆ.”

“ಹೋಗು. ಇನ್ನು ನನ್ನ ಬೆನ್ನ ಹಿಂದೆ ನೀನು ನಿಲ್ಲೋದು ಬೇಡ.”

ಮನೆಯಲ್ಲಿ ಅಮ್ಮ ಬೆಂಕಿಗೆ ತುಪ್ಪ ಸುರಿದಳು. “ಆ ಹುಡುಗಿ ನಗೋದು ನೋಡಿದಾಗ್ಲೇ ನಂಗೆ ಅನುಮಾನ ಇತ್ತು.”

ಅಮ್ಮ ಒಂದು ಪಂದ್ಯವನ್ನೂ ಬಿಟ್ಟವಳಲ್ಲ. ಹೊಲಿಗೆ ಅಂಗಡಿಗೆ ಬೀಗ ಜಡಿದು ಬಂದು, ಕೆಂಪು ಶಾಲು ಹೊದ್ದು, ಮುಂದಿನ ಸಾಲಿನಲ್ಲೇ ಕೂರುವಳು. ಮೊದಲೊಮ್ಮೆ ಎದುರಿಗೆ ಕೂತದ್ದಕ್ಕೆ ಗುಡುಗು ಎಗರಾಡಿದ್ದಳು: “ನನ್ನ ಕಣ್ಣಿಗೆ ಬೀಳ್ಬೇಡಮ್ಮ, ಕೈ ನಡುಗುತ್ತೆ. ಹಿಂದೆ ಕೂತ್ಕೋ.” ಅಂದಿನಿಂದ ಮಗಳು ಕೋರ್ಟಿನ ಬದಿ ಬದಲಿಸಿದಾಗೆಲ್ಲ ಅಮ್ಮನೂ ಎದ್ದು, ನಾಲ್ಕು ಜನರ ಕಾಲು ತುಳಿದು, ಅವರಿಂದ ಬೈಸಿಕೊಂಡು, ಅದೇ ಬದಿಗೆ ಹೋಗಿ ಕೂರುವಳು.

ಕೋಚ್ ಹೊಸ ಜೊತೆಗಾತಿಯನ್ನು ಕೊಟ್ಟರು. ಪುಟ್ಟಿ ಎಂದರೆ ಪುಟ್ಟಿಯೇ, ಬೈದರೆ ಕಣ್ಣಲ್ಲಿ ನೀರು. ಗುಡುಗು ಅವಳನ್ನು ಮನೆಗೇ ಕರೆಸಿ ಹೊಸ ಸನ್ನೆ ಕಲಿಸಿದಳು. ಈಗ ಎತ್ತರದ್ದಕ್ಕೆ ಕಿರುಬೆರಳು.

“ಬಾಗಿಲು ಹಾಕ್ಕೊಳ್ರೇ, ಗೋಡೆಗೂ ಕಿವಿ ಇರುತ್ತೆ,” ಎಂದಳು ಅಮ್ಮ, ಅಲ್ಲೇ ಕೂತು ಪುಟ್ಟಿಯ ಸ್ಕರ್ಟಿಗೆ ಅಂಚು ಹೊಲಿಯುತ್ತ. ಅಷ್ಟರಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿನಿಂದ ಕಿಡಿ ಹಾರಿತು. ಅಮ್ಮ ಕಣ್ಣು ಮುಚ್ಚಿ ಶಾಲಿನಂಚನ್ನು ಬಾಯಿಗೆ ಒತ್ತಿಕೊಂಡಳು. ಹಲ್ಲಿ ಕಂಡರೂ, ಲಾರಿ ಹಾರ್ನ್ ಹೊಡೆದರೂ ಅವಳದು ಅದೇ ಪಾಡು.

“ಹೆದರುಪುಕ್ಕಲಿ,” ಎಂದು ಗುಡುಗು ಪ್ಲಗ್ ಕಿತ್ತಳು.

ಆಯ್ಕೆಯ ಕೊನೆಯ ಪಂದ್ಯ. ಗೆದ್ದ ಜೋಡಿ ರಾಷ್ಟ್ರ ತಂಡಕ್ಕೆ, ಸೋತದ್ದು ಮನೆಗೆ. ನೆಟ್ಟಿನ ಆಚೆ ಕಡ್ಡಿ ಮತ್ತು ಅವಳ ಹೊಸ ಜೊತೆಗಾತಿ.

ಮೊದಲ ಆಟದಲ್ಲೇ ಗುಡುಗಿನ ಎತ್ತರದ ಸರ್ವನ್ನು ಕಡ್ಡಿಯ ಜೊತೆಗಾತಿ ಕಾದು ಕೂತವಳಂತೆ ಬಡಿದಳು. ಎರಡನೆಯದನ್ನೂ. ಆಟ ಕೈತಪ್ಪಿತು.

ಕಡ್ಡಿಗೆ ಹೊಸ ಸನ್ನೆ ಗೊತ್ತಿರಲು ಸಾಧ್ಯವೇ ಇಲ್ಲ. ಗುಡುಗು ಪುಟ್ಟಿಯ ರಟ್ಟೆ ಹಿಡಿದಳು. “ಯಾರ ಹತ್ರ ಬಾಯಿ ಬಿಟ್ಟೆ?”

“ಅಯ್ಯೋ ಅಕ್ಕಾ, ನಿಮ್ಮಾಣೆಗೂ ಇಲ್ಲ…”

“ಆಣೆ ನಿನ್ನ ಹತ್ರಾನೇ ಇಟ್ಕೋ.”

ಎರಡನೆಯ ಆಟದಲ್ಲಿ ಬರೀ ಗಿಡ್ಡ ಸರ್ವ್. ಉಳಿದದ್ದನ್ನೆಲ್ಲ ಸಿಟ್ಟೇ ಹೊಡೆಯಿತು. ಗೆದ್ದರು. ಮೂರನೆಯದರ ನಡುವೆ ಬದಿ ಬದಲಿಸುವಾಗ ಕಡ್ಡಿ ನೆಟ್ಟಿನ ಹತ್ತಿರ ನಿಂತಳು.

“ಏನೋ ಹೇಳ್ಬೇಕಿತ್ತು ಕಣೆ. ಈ ಕಡೆ ನಿಂತ್ಮೇಲೇ ನಂಗೂ ಗೊತ್ತಾಗಿದ್ದು.”

“ಹೇಳೋದನ್ನೆಲ್ಲ ಹೇಳಿ ಆಗಿದ್ಯಲ್ಲ. ಸರಿ ಆಚೆ.”

ಮೇಲೆ ಗ್ಯಾಲರಿಯಲ್ಲಿ ಕಾವಲುಗಾರ ಯಾರನ್ನೋ ಗದರುತ್ತಿದ್ದ: “ಇದು ಸಂತೆ ಅಲ್ಲ! ಆಟ ಮುಗಿಯೋವರೆಗೂ ಕೂತಲ್ಲೇ ಕೂತ್ಕೊಳ್ಳಿ!” ಗುಡುಗು ಅತ್ತ ನೋಡಲಿಲ್ಲ.

ಆಮೇಲೆ ಹಟಕ್ಕೆ ಬಿದ್ದು ಎತ್ತರದ ಸರ್ವ್ ಹೊಡೆದಳು. ಎದುರಿನವಳು ಮುಂದಕ್ಕೆ ವಾಲಿದವಳು ವಾಲಿದಂತೆಯೇ ಉಳಿದಳು. ಮತ್ತೊಮ್ಮೆ. ಮತ್ತೆ ಪಾಯಿಂಟ್. ಗುಡುಗು ತಿರುಗಿ ಪುಟ್ಟಿಯನ್ನು ನುಂಗುವಂತೆ ನೋಡಿದಳು. ನೋಡಿದೆಯಾ, ನಾಲ್ಕು ಬೈದದ್ದೇ ಬಾಯಿಗೆ ಬೀಗ ಬಿತ್ತು.

ಇಪ್ಪತ್ತು–ಹತ್ತೊಂಬತ್ತು. ಗುಡುಗಿಗೆ ಇನ್ನೊಂದೇ ಪಾಯಿಂಟ್.

ಸರ್ವ್ ಕಡ್ಡಿಯದು. ಅವಳ ಎಡಗೈ ಬೆನ್ನ ಹಿಂದೆ ಮರೆಯಾಯಿತು. ಹಳೇ ಸನ್ನೆಯನ್ನೇ ಉಳಿಸಿಕೊಂಡಿರಬೇಕು ಕಳ್ಳಿ. ಗುಡುಗು ಗಿಡ್ಡ ಸರ್ವಿಗೆ ಮುಂದಕ್ಕೆ ವಾಲಿ, ಆ ಮುಖದಲ್ಲಿ ಏನಾದರೂ ಸಿಕ್ಕೀತೇ ಎಂದು ದಿಟ್ಟಿಸಿದಳು. ಏನೂ ಇರಲಿಲ್ಲ.

ಆ ಮುಖದಾಚೆ, ಕಡ್ಡಿಯ ಬೆನ್ನಿಗೆ ನೇರವಾಗಿ ಮುಂದಿನ ಸಾಲಿನಲ್ಲಿ, ಕೆಂಪು ಶಾಲು ಅಲುಗಿತು. ಅಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿ ಅದರಂಚನ್ನು ಬಾಯಿಗೆ ಒತ್ತಿಕೊಂಡಳು.

ಷಟಲ್ ಮೇಲೇಳುವ ಮೊದಲೇ ಗುಡುಗು ಹಿಂದಕ್ಕೆ ಜಿಗಿದಿದ್ದಳು, ಈ ವರ್ಷವಿಡೀ ಎದುರಿನವರೆಲ್ಲ ಜಿಗಿದ ಹಾಗೆ.