ಓರೆ ಕಟ್ಟೆ

ಬೆಳಗ್ಗೆ ಒಂಬತ್ತೂವರೆಗೆ ಅಡುಗೆಮನೆಯ ಹಳೆಯ ಕಟ್ಟೆಗೆ ಮೊದಲ ಸುತ್ತಿಗೆ ಏಟು ಬಿತ್ತು. ಹೊಡೆದವನು ತಮ್ಮ. ಸಿಡಿದ ಚೂರುಗಳನ್ನು ಬುಟ್ಟಿಗೆ ತುಂಬುತ್ತಿದ್ದವಳು ಅಕ್ಕ.

ಆಳು ಕರೆಸದೆ ತಾವೇ ಮಾಡುವುದೆಂದು ಇಬ್ಬರೂ ರಜೆ ಹಾಕಿದ್ದರು. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಕಣ್ಣು ಮಂಜಾಗಿದೆ, ಹೊಸ ಕಟ್ಟೆಯೂ ಅದರ ಮೇಲೆ ಜೋರು ಬೆಳಕಿನ ದೀಪಗಳೂ ಬಂದರೆ ಅವಳಿಗೆ ಸಲೀಸು ಎಂಬುದು ಅವರ ಲೆಕ್ಕ. ಅಮ್ಮ ದೀಪ ಬೇಡವೆನ್ನಲಿಲ್ಲ. ಕಟ್ಟೆಯೊಂದನ್ನು ಹಾಗೇ ಬಿಡಿ ಎಂದು ಒಂದೇ ಸಲ ಹೇಳಿ, ಹೊರಗಿನ ಕೋಣೆಯಲ್ಲಿ ಕುಳಿತಿದ್ದಳು.

ಅದು ಅಪ್ಪ ಕೈಯಾರೆ ಕಟ್ಟಿದ ಕಟ್ಟೆ. ಗೋಡೆಯ ಕಡೆಗೆ ಓರೆ. ಮೇಲಿಟ್ಟ ನಿಂಬೆಹಣ್ಣು ಹಿಂದಕ್ಕೆ ಉರುಳುತ್ತಿತ್ತು. ಮನೆಗೆ ಬಂದವರು ನಕ್ಕರೆ ಅಪ್ಪನೂ ಜೊತೆಗೆ ನಗುತ್ತಿದ್ದ.

“ಮಟ್ಟ ನೋಡೋಕೆ ರಸಮಟ್ಟ ಅನ್ನೋದೊಂದು ಇದೆ ಅಂತ ಅಪ್ಪಂಗೆ ಯಾರೂ ಹೇಳಿರಲಿಲ್ಲ ಅನ್ಸುತ್ತೆ,” ಎಂದ ತಮ್ಮ.

ಕಲ್ಲಿನ ಚಪ್ಪಡಿ ಎತ್ತುವಾಗ ಅಕ್ಕನ ಬೆರಳು ಮುಂದಿನ ಅಂಚಿನ ಅಡಿಯಲ್ಲಿ ಒಂದು ಕಚ್ಚಿಗೆ ಸಿಕ್ಕಿತು. ಅದು ಒಲೆಯ ನೇರಕ್ಕಿತ್ತು. ಚಾಕು ಇಡುವ ಜಾಗದ ನೇರಕ್ಕೆ ಎರಡು ಕಚ್ಚು, ಸಿಂಕಿನ ನೇರಕ್ಕೆ ಮೂರು. ಉಳಿಯಿಂದ ಕೊರೆದು, ಕೈಗೆ ಚುಚ್ಚದಂತೆ ಉಜ್ಜಿ ನಯ ಮಾಡಿದಂಥವು. ಅವಳು ಕಟ್ಟೆಯ ಓರೆಯನ್ನು ಮತ್ತೊಮ್ಮೆ ನೋಡಿದಳು. ಕುದಿಯುವ ನೀರು ಚೆಲ್ಲಿದರೂ ಅದು ನಿಂತವರ ಮೈಮೇಲೆ ಬರುವ ಹಾಗಿರಲಿಲ್ಲ. ತಡಿ, ಇಳಿಸು ಎನ್ನುವಷ್ಟರಲ್ಲಿ ತಮ್ಮನ ಹಿಡಿತ ಜಾರಿ ಚಪ್ಪಡಿ ನೆಲಕ್ಕೆ ಬಿದ್ದು ಹೋಳಾಯಿತು.

ಸದ್ದಿಗೆ ಅಮ್ಮ ಬಾಗಿಲಿಗೆ ಬಂದಳು. ಕಚ್ಚುಗಳಿದ್ದ ಹೋಳನ್ನು ಅಕ್ಕ ಅವಳ ಕೈಗಿಟ್ಟಳು.

“ಯಾವಾಗಿಂದ ಕಣ್ಣು ಕಾಣಲ್ಲ ಅಮ್ಮಾ?”

“ನೀನು ಹೊಟ್ಟೇಲಿದ್ದಾಗಲೇ ಮಸುಕಾಗ್ತಾ ಬಂತು. ನಿನ್ನ ಮುಖ ಅಷ್ಟಿಷ್ಟು ನೋಡಿದೀನಿ. ಇವನದು ಇಲ್ಲ.”

“ನೋಡೋಕೆ ಅಂಥದ್ದೇನೂ ಇಲ್ಲ ಬಿಡು,” ಎಂದ ತಮ್ಮ.

“ಹೇಳಿದ್ರೆ ನಿಮ್ಮಜ್ಜಿ ನನ್ನ ಒಲೆ ಹತ್ರ ಬಿಡ್ತಿದ್ರಾ? ನಿಮ್ಮನ್ನ ನನ್ನ ಕೈಗೆ ಕೊಡ್ತಿದ್ರಾ? ನಿಮ್ಮಪ್ಪ ಒಬ್ರಿಗೇ ಗೊತ್ತಿತ್ತು.”

ಅಕ್ಕ ತನ್ನ ಬೈತಲೆ ಮುಟ್ಟಿಕೊಂಡಳು. ಶಾಲೆಗೆ ಹೋಗುತ್ತಿದ್ದಷ್ಟು ಕಾಲವೂ ಅಮ್ಮನೇ ತೆಗೆಯುತ್ತಿದ್ದದ್ದು. ಒಂದು ದಿನವೂ ಸೊಟ್ಟಗಾಗಿರಲಿಲ್ಲ.

ಕಟ್ಟೆ ಹೋಯಿತಲ್ಲ, ಇನ್ನು ಹೇಗೆ ಎಂದು ತಮ್ಮ ಕೇಳಿದ. ಅಮ್ಮ ಒಳಗೆ ಬಂದಳು. ಅವನು ಅವಳ ಕಾಲ ಮುಂದಿನ ಚೂರುಗಳನ್ನು ಸರಿಸುತ್ತಾ ಹೋದ. ಬರಿದಾದ ಜಾಗದಲ್ಲಿ ನಿಂತು ಅವಳು ಸೊಂಟದ ಮಟ್ಟಕ್ಕೆ ಕೈ ಚಾಚಿದಳು. ಏನೂ ಇಲ್ಲದ ಕಡೆ ಅಂಗೈ ಊರಿದಂತೆ ನಿಂತಿತು.

“ಇಲ್ಲಿ ಒಲೆ,” ಎಂದಳು. ಪಕ್ಕಕ್ಕೆ ಸರಿದು, “ಇಲ್ಲಿ ಚಾಕು.”

ಅಕ್ಕ ನೆಲದಿಂದ ಅಂಗೈಗೆ ಟೇಪು ಹಿಡಿದಳು. ಆಮೇಲೆ ಗೋಡೆಯಲ್ಲಿ ಹಳೆಯ ಕಟ್ಟೆ ಬಿಟ್ಟುಹೋದ ಗುರುತಿಗೆ ಹಿಡಿದಳು. ಅಂಗೈ ಆ ಗುರುತಿಗಿಂತ ಒಂದೇ ಒಂದು ಬೆರಳಗಲ ಮೇಲಿತ್ತು. ಮುಂದಿನ ಅಂಚಿಂದ ಗೋಡೆಗೆ ಅಪ್ಪ ಕೊಟ್ಟಿದ್ದ ಓರೆಯೂ ಅಷ್ಟೇ.

ಅಕ್ಕ ಆ ಅಳತೆಯನ್ನು ಗೋಡೆಯ ಮೇಲೆ ಬರೆದಳು.

ಊಟವಾದ ಮೇಲೆ ತಮ್ಮ ಹೊಸ ಕಲ್ಲನ್ನು ಮಗುಚಿ ಹಾಕಿ, ಅಂಚಿನ ಅಡಿಯಲ್ಲಿ ಮೊದಲ ಕಚ್ಚು ಕೊರೆದ. ಶನಿವಾರ ಕಟ್ಟೆ ಮುಗಿಯಿತು. ಮೇಲಿಟ್ಟ ನಿಂಬೆಹಣ್ಣು ಹಿಂದಕ್ಕೆ ಉರುಳುತ್ತದೆ.