ಶ್ರೀರಂಗಪಟ್ಟಣದಲ್ಲೊಂದು ಆಕಸ್ಮಿಕ ಭೇಟಿ

“ಕಾರು ಬೇಡ, ರೈಲಲ್ಲಿ ಹೋಗೋಣ” ಎಂದು ತಿಮ್ಮಯ್ಯ ಹೇಳಿದ ಗಳಿಗೆಯಲ್ಲೇ ಬಿಂದುಶ್ರೀಗೆ ಅನುಮಾನ ಬಂತು.

ಕೊತ್ತಂಬರಿ ಸೊಪ್ಪು ತರುವುದಕ್ಕೂ ಕಾರು ತೆಗೆಯುವ ಮಹಾನುಭಾವರು ಅವಳಪ್ಪ. ಶ್ರೀಗಂಧದ ಕಾವಲ್‌ನ ಆ ಇಕ್ಕಟ್ಟಿನ ಕ್ರಾಸಿನಲ್ಲಿ ಕಾರನ್ನು ಹಿಂದೆ ಮುಂದೆ ಮಾಡುವಷ್ಟರಲ್ಲಿ ನಡೆದೇ ಹೋಗಿ ಸೊಪ್ಪು ತಂದು ಸಾರು ಕುದಿಸಬಹುದು. ಅಂಥವರು ಭಾನುವಾರ ಬೆಳ್ಳಂಬೆಳಿಗ್ಗೆ ಹೊಸ ಅಂಗಿ ತೊಟ್ಟು, ಮೀಸೆಗೆ ಕಪ್ಪು ಬಳಿದುಕೊಂಡು, ಕೆಂಗೇರಿ ಸ್ಟೇಷನ್ನಿನಲ್ಲಿ ನಿಂತಿದ್ದರು. ಶ್ರೀರಂಗಪಟ್ಟಣ ಸುತ್ತಿ ಸಂಜೆಗೆ ವಾಪಸಂತೆ.

“ಅಲ್ಲಪ್ಪ, ಮನೇಲಿ ಕಾರಿಟ್ಕೊಂಡು ಯಾಕೀ ಒದ್ದಾಟ?”

“ಕಾರಲ್ಲಾದ್ರೆ ನಾನು ಬರೀ ರಸ್ತೆ ನೋಡ್ಬೇಕು” ಎಂದರು ತಿಮ್ಮಯ್ಯ. ಆಮೇಲೆ ಪ್ಲಾಟ್‌ಫಾರಂ ಕಡೆ ಮುಖ ತಿರುಗಿಸಿ, “ಅಲ್ಲಿ ಗೊತ್ತಿರೋರು ಸಿಗ್ತಾರೆ. ಒಳ್ಳೆ ಜನ. ನೀನೂ ನೋಡು. ನಿಂಗೆ ಇಷ್ಟ ಆಗ್ಲಿಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡೋಣ” ಎಂದು ಸೇರಿಸಿದರು.

ಓಹೋ, ಹಾಗೆ ಬನ್ನಿ!

ಈ ನಾಟಕ ಅವಳಿಗೆ ಹೊಸದಲ್ಲ. ದೊಡ್ಡಪ್ಪನ ಮಗಳನ್ನು ನೋಡಿದ್ದೂ ಹೀಗೆಯೇ. ಮನೆಗೆ ಬಂದು ನೋಡಿ ಬೇಡ ಎಂದರೆ ಬೀದಿಗೆಲ್ಲ ಸುದ್ದಿಯಾಗುತ್ತದೆ. ಆದ್ದರಿಂದ ಎರಡೂ ಕಡೆಯವರು ಯಾವುದಾದರೂ ದೇವಸ್ಥಾನದಲ್ಲಿ ಎದುರಾಗಿ “ಅಯ್ಯೋ, ನೀವೂ ಬಂದಿದ್ದೀರಾ!” ಎಂದು ಬೆರಗಾಗಬೇಕು. ಒಪ್ಪಿಗೆಯಾಗದಿದ್ದರೆ ಯಾರೂ ಯಾರನ್ನೂ ನೋಡಿಯೇ ಇಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ಮಗಳ ಮದುವೆಯದೇ ಜಪ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಬಿಂದುಶ್ರೀಗೋ ಮದುವೆ ಸುತರಾಂ ಬೇಡ. ಬಸವೇಶ್ವರನಗರದಲ್ಲಿ ಅವಳ ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ಕು ಈಗಷ್ಟೇ ಕಣ್ಣು ಬಿಡುತ್ತಿತ್ತು. ಸಂಜೆಯೊಳಗೆ ಈ ಸಂಬಂಧ ಮುರಿದು ಬೀಳಲೇಬೇಕೆಂದು ಅವಳು ರೈಲು ಹತ್ತಿದಳು.

ರಂಗನಾಥಸ್ವಾಮಿ ಗುಡಿಯ ಮುಂದೆ ಆಕಸ್ಮಿಕವು ಸರಿಯಾದ ಸಮಯಕ್ಕೆ ಸಂಭವಿಸಿತು. ಚಂದ್ರಾ ಲೇಔಟ್‌ನ ಪುಟ್ಟಲಕ್ಷ್ಮಿ, ಜೊತೆಗೆ ಮಗ ಅರುಣ್ ಕುಮಾರ್. ತಂದೆ ಇಲ್ಲವಂತೆ, ತಾಯಿಯೇ ಟೈಲರಿಂಗ್ ಮಾಡಿ ಓದಿಸಿದ್ದಂತೆ.

“ಅಯ್ಯೋ ತಿಮ್ಮಯ್ಯನೋರೇ, ನೀವಾ!”

“ಏನಾಶ್ಚರ್ಯ! ಏನಾಶ್ಚರ್ಯ!” ಎಂದರು ತಿಮ್ಮಯ್ಯ. ಆ ನಟನೆಗೆ ಪಕ್ಕದಲ್ಲಿ ಹಣ್ಣುಕಾಯಿ ಮಾರುತ್ತಿದ್ದ ಹೆಂಗಸಿಗೇ ನಗು ಬಂತು. ಒಳಗೆ ದೇವರೊಬ್ಬನೇ ಇದ್ಯಾವುದನ್ನೂ ತಲೆಗೆ ಹಚ್ಚಿಕೊಳ್ಳದೆ ಮಲಗಿದ್ದ.

ಕಾರಿಲ್ಲದೆ ಬಂದವರಿಗೆ ಜಟಕಾ ಗಾಡಿಯೇ ಗತಿ. ನಾಲ್ವರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತರು. ಇಳಿದು ಓಡಿಹೋಗೋಣವೆಂದರೆ ಸುತ್ತಲೂ ಕಾವೇರಿ.

“ಅಂಕಲ್, ಬಿಪಿ ಶುಗರ್ ಏನಾದ್ರೂ ಇದ್ಯಾ?” ಅರುಣ್ ಕುಮಾರ್ ಶುರುಮಾಡಿದ.

“ಶುಗರ್ ಸ್ವಲ್ಪ ಇದೆ. ಮಾತ್ರೆ ತಗೋತೀನಿ.”

“ಡ್ರಿಂಕ್ಸು?”

“ಇಲ್ಲಪ್ಪ. ಬಿಟ್ಟು ಬಹಳ ವರ್ಷ ಆಯ್ತು.”

ಆಹಾ, ಅಳಿಯನೆಂದರೆ ಹೀಗಿರಬೇಕು! ಮಾವ ಇನ್ನೆಷ್ಟು ದಿನ, ಅವರ ಮನೆ, ಸೈಟು ಕೈಗೆ ಬರುವುದು ಯಾವಾಗ ಎಂದು ಕುದುರೆ ಗಾಡಿಯಲ್ಲೇ ವಿಚಾರಣೆ. ಬಿಂದುಶ್ರೀಗೆ ಮೈಯೆಲ್ಲ ಉರಿದುಹೋಯಿತು. ಗುಂಬಜ್‌ನಲ್ಲಿ ಅದೇ ಮಹಾಶಯ ಕಂಬದ ಮರೆಗೆ ಹೋಗಿ ಫೋನಿನಲ್ಲಿ “ಊಟ ಮಾಡಿದ್ಯಾ ಬಂಗಾರ? ಸಂಜೆ ಬಂದ್ಬಿಡ್ತೀನಿ” ಎಂದು ಕರಗುತ್ತಿದ್ದುದು ಬೇರೆ ಅವಳ ಕಿವಿಗೆ ಬಿತ್ತು. ಸರಿಹೋಯಿತು, ಇವನಿಗೆ ಇನ್ನೊಬ್ಬಳೂ ಇದ್ದಾಳೆ!

“ಸಂಗಮಕ್ಕೆ ನಡ್ಕೊಂಡೇ ಹೋಗೋಣ” ಎಂದು ಅವಳು ಹಠ ಹಿಡಿದಳು. ನೆತ್ತಿಯ ಮೇಲೆ ಸುಡುವ ಬಿಸಿಲು. ಬೆವರಿ ಬೇಸತ್ತು ಅವರಾಗಿಯೇ ಬೇಡವೆನ್ನಲಿ ಎಂಬುದು ಅವಳ ಉಪಾಯ. ಯಾರೂ ಬೇಸರಗೊಳ್ಳಲಿಲ್ಲ. ತಿರುಗಿ ನೋಡಿದರೆ ಅಪ್ಪ ಪುಟ್ಟಲಕ್ಷ್ಮಿಯವರಿಗೆ ಛತ್ರಿ ಹಿಡಿದುಕೊಂಡು ನಿಧಾನಕ್ಕೆ ಬರುತ್ತಿದ್ದರು. ಬೀಗಿತ್ತಿಗೆ ಈಗಿನಿಂದಲೇ ಸೇವೆ! ಹೆಣ್ಣು ಹೆತ್ತವರ ಹಣೆಬರಹವೇ ಇಷ್ಟು ಎಂದು ಅವಳಿಗೆ ಅಳುವೇ ಬಂತು.

ಸಂಗಮದ ಮೆಟ್ಟಿಲ ಮೇಲೆ ಪುಟ್ಟಲಕ್ಷ್ಮಿ ಡಬ್ಬಿ ಬಿಚ್ಚಿದರು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ.

“ತಗೋಮ್ಮ. ನಿಂಗೆ ಇಷ್ಟ ಅಂತ ಕೇಳಿ ಮಾಡ್ಕೊಂಡ್ ಬಂದೆ.”

“ನಂಗೆ ಅಡಿಗೆ ಬರಲ್ಲ ಆಂಟಿ. ಕಲಿಯೋದೂ ಇಲ್ಲ.”

“ನೀನ್ಯಾಕಮ್ಮ ಮಾಡ್ಬೇಕು? ನಾನಿರ್ತೀನಲ್ಲ. ನೀನು ಕ್ಲಿನಿಕ್ ನೋಡ್ಕೊ.”

ಮದುವೆಗೆ ಮುಂಚೆ ಎಲ್ಲ ಅತ್ತೆಯರೂ ಹೀಗೇ ಬೆಣ್ಣೆ ಹಚ್ಚುತ್ತಾರೆ. ಬಿಂದುಶ್ರೀ ಡಬ್ಬಿಯನ್ನು ಅತ್ತ ಸರಿಸಿ, ಎಲ್ಲರಿಗೂ ಕೇಳುವಂತೆ ಹೇಳಿಯೇಬಿಟ್ಟಳು.

“ನೋಡಿ ಆಂಟಿ, ನಂಗಿದ್ದಿದ್ದು ಒಬ್ಬಳೇ ಅಮ್ಮ. ಇನ್ನೊಬ್ಬರನ್ನ ತಂದು ಅಮ್ಮ ಅನ್ನು ಅಂದ್ರೆ ನನ್ನ ಕೈಲಿ ಆಗಲ್ಲ.”

ಪುಟ್ಟಲಕ್ಷ್ಮಿ ಸದ್ದಿಲ್ಲದೆ ಡಬ್ಬಿ ಮುಚ್ಚಿದರು. ತಿಮ್ಮಯ್ಯ ನೀರನ್ನೇ ನೋಡುತ್ತ ಕೂತರು. ಏಟು ಸರಿಯಾದ ಜಾಗಕ್ಕೇ ಬಿದ್ದಿತ್ತು.

ನಾಲ್ವರೂ ಎದ್ದು ಶೇರ್ ಆಟೋ ಹತ್ತಿದರು. ಸ್ಟೇಷನ್ನಿಗೆ ಬಂದ ಮೇಲೆ ಬಿಂದುಶ್ರೀ ಅಪ್ಪನನ್ನು ಪಕ್ಕಕ್ಕೆ ಕರೆದಳು.

“ಅಪ್ಪ, ಈ ಸಂಬಂಧ ನಂಗೆ ಬೇಡ.”

“ಯೋಚ್ನೆ ಮಾಡಿ ಹೇಳ್ತಿದೀಯಾ ಮಗಳೇ?”

“ಹ್ಞೂಂ. ಬೇಡ ಅಂದ್ರೆ ಬೇಡ.”

“ಆಯ್ತು ಬಿಡು.”

ಇಷ್ಟು ಸುಲಭವೇ! ಅವಳು ಕುಣಿಯುವುದೊಂದು ಬಾಕಿ. ತಿಮ್ಮಯ್ಯ ಪುಟ್ಟಲಕ್ಷ್ಮಿಯವರ ಬಳಿ ಹೋಗಿ ತಲೆ ತಗ್ಗಿಸಿ ಏನೋ ಹೇಳಿದರು. ಆಕೆ ಪರವಾಗಿಲ್ಲ ಎಂಬಂತೆ ಕೈಯಾಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಪ್ಲಾಟ್‌ಫಾರಂನ ಇನ್ನೊಂದು ತುದಿಗೆ ಹೋಗಿ ನಿಂತರು.

ಅರುಣ್ ಕುಮಾರ್ ನೇರವಾಗಿ ಬಿಂದುಶ್ರೀಯ ಬಳಿಗೆ ಬಂದ. ಕಣ್ಣು ಕೆಂಪಾಗಿತ್ತು.

“ಅಷ್ಟು ಒರಟಾಗಿ ಹೇಳ್ಬಾರ್ದಿತ್ತು ರೀ. ನಾನಂತೂ ಮನಸಾರೆ ಒಪ್ಪಿದ್ದೆ.”

“ನೀವು ಒಪ್ಪಿಬಿಟ್ರೆ ಆಗೋಯ್ತಾ? ನಿಮ್ಮನ್ನ ಕಟ್ಕೊಂಡು ಏಗ್ಬೇಕಾಗಿದ್ದೋಳು ನಾನಲ್ವಾ?”

“ನನ್ನನ್ನಾ?” ಅರುಣ್ ಕುಮಾರ್ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದ. “ನಂಗೆ ಹೆಂಡ್ತಿ, ಮಗು ಇದಾರೆ ಕಣ್ರೀ. ನಿಮ್ಮಪ್ಪ ನೋಡೋಕೆ ಬಂದಿದ್ದು ನಮ್ಮಮ್ಮನ್ನ.”