ಅನುಮೋದಿಸುವವರು ಬೇಕಾಗಿದ್ದಾರೆ

"ಪಕ್ಷ ಮುಚ್ಚಬೇಕು, ಇಬ್ಬರು ಬೇಕಾಗಿದ್ದಾರೆ. ಭಾನುವಾರ ಮಧ್ಯಾಹ್ನ ಬಿಡುವಿದೆಯಾ?" ಎಂದು ಪಕ್ಕದ ಮನೆಯ ಡಂಕನ್ ಬೇಲಿಯಾಚೆಯಿಂದ ಕೇಳಿದಾಗ ವೀರಭದ್ರಪ್ಪ ಹೂಂ ಅಂದುಬಿಟ್ಟ. ಹಿರಿಯರು ಕೇಳಿದ್ದಕ್ಕೆ ಇಲ್ಲ ಅನ್ನುವುದು ಅವನಿಗೆ ಈ ಜನ್ಮದಲ್ಲಿ ಬಾರದು. ಹೀಗಾಗಿ ಟಿಮಾರು ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಅವನೂ, ಅಲ್ಲೇ ನರ್ಸ್ ಆಗಿರುವ ಹೆಂಡತಿ ವಿಜಯಾಳೂ ಡಂಕನ್ ಅವರ ಗ್ಯಾರೇಜಿನಲ್ಲಿ ಕುಳಿತು ಸ್ವತಂತ್ರ ದಕ್ಷಿಣ ದ್ವೀಪ ಪಕ್ಷದ ಸದಸ್ಯರಾದರು. ಸೇರಿದ್ದು ಯಾಕೆ? ಅದನ್ನು ಮುಚ್ಚುವುದಕ್ಕೆ!

ಟಿಮಾರು ಇರುವ ನ್ಯೂಜಿಲೆಂಡಿನ ದಕ್ಷಿಣ ದ್ವೀಪ ಬೇರೆ ದೇಶವಾಗಬೇಕು ಅನ್ನುವುದು ಆ ಪಕ್ಷದ ಹಟ. ಒಂದು ಕಾಲದಲ್ಲಿ ಅದರ ಸಭೆಗೆ ಊರಿನ ಹಾಲ್ ತುಂಬಿ, ಜನ ಹೊರಗೆ ಚಳಿಯಲ್ಲಿ ನಿಲ್ಲುತ್ತಿದ್ದರಂತೆ. ಆಮೇಲೆ ಚುನಾವಣೆಯಿಂದ ಚುನಾವಣೆಗೆ ಮತ ಇಳಿಯುತ್ತಾ ಬಂದು, ಕಳೆದ ಸಲ ಬಿದ್ದ ಮತಗಳು ಮದುವೆ ಊಟದ ಒಂದು ಪಂಕ್ತಿಗೂ ಸಾಲುತ್ತಿರಲಿಲ್ಲ. ಆದರೂ ಡಂಕನ್, ಎಂಬತ್ತು ದಾಟಿದ ನಿವೃತ್ತ ರೈಲು ಚಾಲಕರು, ಫಲಿತಾಂಶದ ಮರುದಿನ ಬೀದಿಯ ಪ್ರತಿ ಬಾಗಿಲನ್ನೂ ತಟ್ಟಿ ಥ್ಯಾಂಕ್ಸ್ ಹೇಳಿದ್ದರು. ಯಾರು ಹಾಕಿದರೋ ಗೊತ್ತಿಲ್ಲವಲ್ಲ, ಒಬ್ಬರಿಗೂ ತಪ್ಪಿಹೋಗಬಾರದು ಅಂತ. ಸೋತ ಚುನಾವಣೆಯ ಬೋರ್ಡುಗಳನ್ನು ವಿಜಯಾಳ ಮೆಂತ್ಯದ ಮಡಿಗೆ ಚಳಿಗಾಳಿ ತಾಗದಂತೆ ತಾವೇ ಮೊಳೆ ಹೊಡೆದು ನಿಲ್ಲಿಸಿಕೊಟ್ಟಿದ್ದರು. ಎಂಥಾ ಮನುಷ್ಯ!

"ಬಾಗಿಲಿಗೆ ಬೀಗ ಹಾಕಿದರೆ ಮುಗೀತಲ್ಲ, ಇದೆಲ್ಲ ಯಾಕೆ?" ವೀರಭದ್ರಪ್ಪ ಕೇಳಿಯೇಬಿಟ್ಟ.

"ನಿಯಮದಂತೆ ಹುಟ್ಟಿದ್ದು, ನಿಯಮದಂತೆಯೇ ಹೋಗಬೇಕು. ಉಳಿದವನು ನಾನೊಬ್ಬನೇ, ಆದರೆ ನಾನು ಅಧ್ಯಕ್ಷ, ಗೊತ್ತುವಳಿ ತರುವಂತಿಲ್ಲ. ಒಬ್ಬ ಸದಸ್ಯರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು," ಎಂದರು ಡಂಕನ್. ಗ್ಯಾರೇಜಿನಲ್ಲಿ ಇದ್ದದ್ದು ಮೂರೇ ಜನ, ಆದರೂ ಟೈ ಕಟ್ಟಿಕೊಂಡು ಬಂದಿದ್ದರು.

ಸೂಚಿಸುವುದು, ಅನುಮೋದಿಸುವುದು ವೀರಭದ್ರಪ್ಪನಿಗೆ ನೀರು ಕುಡಿದಷ್ಟು ಸಲೀಸು. ಕನ್ನಡ ಕೂಟದ ವಾರ್ಷಿಕ ಸಭೆಯಲ್ಲಿ ಉಪ್ಪಿಟ್ಟಿನ ತಟ್ಟೆ ಕೆಳಗಿಡದೆಯೇ ಎಷ್ಟೋ ಸಲ ಕೈ ಎತ್ತಿದವನು. ಏನು ಗೊತ್ತುವಳಿ ಅಂತ ಒಂದು ದಿನವೂ ವಿಚಾರಿಸಿದವನಲ್ಲ. ಈಗಲೂ ಎದ್ದು ನಿಂತು, "ಪಕ್ಷವನ್ನು ವಿಸರ್ಜಿಸಬೇಕೆಂದು ಸೂಚಿಸುತ್ತೇನೆ," ಎಂದು ಒಂದೇ ಉಸಿರಿಗೆ ಹೇಳಿ ಕುಳಿತ. ಅವನಿಗೆ ಈ ಪಕ್ಷದ ಮೇಲೆ ಮಮಕಾರವೇನೂ ಇರಲಿಲ್ಲ. ಮಗಳು ಕೃತಿ ಇರುವುದು ಉತ್ತರ ದ್ವೀಪದ ಲೋವರ್ ಹಟ್‌ನಲ್ಲಿ. ಡಂಕನ್ ಗೆದ್ದಿದ್ದರೆ ಮಗಳ ಮನೆಗೆ ಹೋಗಲು ಪಾಸ್‌ಪೋರ್ಟ್ ಬೇಕಾಗುತ್ತಿತ್ತು.

"ಅನುಮೋದಿಸುವವರು?" ಡಂಕನ್ ವಿಜಯಾಳ ಕಡೆ ತಿರುಗಿದರು.

"ಮೊದಲು ಒಂದು ಪ್ರಶ್ನೆ ಕೇಳಬಹುದಾ?" ಎಂದಳು ವಿಜಯಾ. "ಹಾಲ್ ತುಂಬ ಇದ್ದ ಜನ ಎಲ್ಲಿ ಹೋದರು?"

"ಕೆಲವರು ತೀರಿಕೊಂಡರು. ಕೆಲವರು ಆಸ್ಟ್ರೇಲಿಯಾಕ್ಕೆ ಹೋದರು."

"ಅಷ್ಟೂ ಜನರಾ?"

ಡಂಕನ್‌ಗೆ ಸುಳ್ಳು ಬರುವುದಿಲ್ಲ. ಟೈ ಸಡಿಲಿಸಿಕೊಂಡರು. "ಇಲ್ಲ. ಪ್ರಣಾಳಿಕೆಗೆ ಒಂದು ಸಾಲು ಸೇರಿಸಿ, ಮತ ಇಮ್ಮಡಿ ಆಗುತ್ತೆ ಅಂದರು. ಆಗುತ್ತಿತ್ತು ಕೂಡ. ನಾನು ಸೇರಿಸಲಿಲ್ಲ. ಹೆಚ್ಚಿನವರು ಎದ್ದುಹೋದರು. ನಾವು ಇಳಿಯೋಕೆ ಶುರುವಾದದ್ದು ಅಲ್ಲಿಂದಲೇ."

"ಯಾವ ಸಾಲು?"

"ಹೊರದೇಶದವರು ಬರುವುದನ್ನು ನಿಲ್ಲಿಸಬೇಕು, ಬಂದವರನ್ನು ವಾಪಸ್ ಕಳಿಸಬೇಕು ಅಂತ." ತಾವೇ ತಪ್ಪು ಮಾಡಿದವರಂತೆ ಡಂಕನ್ ಮುಖ ಕೆಂಪಾಯಿತು. "ನೀವಿನ್ನೂ ಆಗ ಈ ಬೀದಿಗೆ ಬಂದಿರಲಿಲ್ಲ. ನಿಮಗಾಗಿ ಮಾಡಿದೆ ಅಂದುಕೊಳ್ಳಬೇಡಿ. ನನ್ನ ಅಜ್ಜನೂ ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದವನೇ. ಯಾವ ಮುಖ ಇಟ್ಟುಕೊಂಡು ಆ ಸಾಲು ಬರೀಲಿ?"

ವಿಜಯಾಳಿಗೆ ತಮ್ಮ ನಗು ನೆನಪಾಯಿತು. ಚುನಾವಣೆ ಬಂದಾಗಲೆಲ್ಲ ಗಂಡ ಹೆಂಡತಿ ಅಡುಗೆಮನೆಯಲ್ಲಿ ಕೂತು 'ಹುಚ್ಚು ಮುದುಕ' ಅಂತ ನಕ್ಕಿದ್ದೆಷ್ಟು ಸಲವೋ.

"ಅನುಮೋದಿಸುವವರು?" ಡಂಕನ್ ಎರಡನೇ ಸಲ ಕೇಳಿದರು.

ವಿಜಯಾ ಎರಡೂ ಕೈ ಕಟ್ಟಿಕೊಂಡು ಕುಳಿತಳು.

"ಕೈ ಎತ್ತು ಮತ್ತ," ವೀರಭದ್ರಪ್ಪ ಮೊಣಕೈಯಿಂದ ತಿವಿದ. "ಮನ್ಯಾಗ ರೊಟ್ಟಿ ಆರಾಕತ್ತಾವ."

"ಆರ್ಲಿ ಬಿಡ್ರಿ. ನಾ ಎತ್ತಂಗಿಲ್ಲ."

"ನಮಗ್ಯಾಕ ಬೇಕ ಇದು? ನಾಳೆ ಪಾಸ್‌ಪೋರ್ಟ್ ಹಿಡ್ಕೊಂಡ ಮಗಳ ಮನಿಗೆ ಹೋಗ್ತಿಯೇನ?"

"ಇವರು ಗೆದ್ದಾಗ ನೋಡೂಣಂತ. ಸುಮ್ನ ಕೂಡ್ರಿ."

"ಸದಸ್ಯರು ಅಧ್ಯಕ್ಷರನ್ನು ಉದ್ದೇಶಿಸಿ ಮಾತಾಡಬೇಕು," ಎಂದರು ಡಂಕನ್ ಮೆಲ್ಲಗೆ.

"ಅಧ್ಯಕ್ಷರೇ, ನಾನು ಅನುಮೋದಿಸುವುದಿಲ್ಲ."

ಡಂಕನ್ ಮೂರನೇ ಸಲವೂ ಕೇಳಿದರು. ಕೇಳಲೇಬೇಕು, ನಿಯಮ. ಯಾರೂ ಕೈ ಎತ್ತಲಿಲ್ಲ. "ಅನುಮೋದಿಸುವವರು ಇಲ್ಲದ ಕಾರಣ ಗೊತ್ತುವಳಿ ಬಿದ್ದುಹೋಗಿದೆ," ಎಂದು ಘೋಷಿಸಿ, ಕನ್ನಡಕ ತೆಗೆದು ಟೈ ತುದಿಯಿಂದ ಒರೆಸತೊಡಗಿದರು. ಅದು ಎಷ್ಟು ಒರೆಸಿದರೂ ಸ್ವಚ್ಛವಾಗುವಂತೆ ಕಾಣಲಿಲ್ಲ. ಪಕ್ಷವಂತೂ ಉಳಿದುಕೊಂಡಿತ್ತು. ಉಳಿದಮೇಲೆ ಮುಂದಿನ ವಿಷಯಕ್ಕೆ ಬರಲೇಬೇಕಲ್ಲ.

"ಮುಂದಿನ ಸಭೆ... ಎಲ್ಲಿ?"

"ನಮ್ಮ ಮನೆಯಲ್ಲಿ," ಎಂದಳು ವಿಜಯಾ. "ಊಟವೂ ಅಲ್ಲೇ."

"ಅನುಮೋದಿಸುವವರು?"

ವೀರಭದ್ರಪ್ಪ ಹೆಂಡತಿಯನ್ನು ನೋಡಿದ. ಟೈ ಕಟ್ಟಿದ ಮುದುಕರನ್ನು ನೋಡಿದ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಯಾಕೆ ಎತ್ತುತ್ತಿದ್ದೇನೆ ಎಂದು ತಿಳಿದುಕೊಂಡೇ ಕೈ ಎತ್ತಿದ.